‘ಸೋಗೆ ಹಳದಿಯಾಗಿದೆ, ಔಷಧಿ ಕೊಡಿ’ ಎಂದವರನ್ನು ಮೊದಲು ಏನು ಕೇಳಬೇಕು?

ತುಂಗಾತೀರ (ಪ್ರಶ್ನೆ)

ಎಲ್ಲ ಬೆಳೆಗಾರ ಬಂಧುಗಳಿಗೆ ನಮಸ್ಕಾರ.

ನಾನು ಕೃಷಿ ಡಿಪ್ಲೊಮಾ ಮುಗಿಸಿ ಶೃಂಗೇರಿ–ಕೊಪ್ಪದ ಕಡೆ ಗೊಬ್ಬರ ಮತ್ತು ಔಷಧಿ ಮಾರುವ ಒಂದು ಮಳಿಗೆಯಲ್ಲಿ ಎರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಅಡಿಕೆ ಬೆಳೆಗಾರರು. ಅಡಿಕೆ ಮರದ ಗರಿಯಾದ ಸೋಗೆಯ ಬಗ್ಗೆ ಅವರ ಬಾಯಿಂದ ಮೊದಲು ಬರುವ ಮಾತು ಬಹುಮಟ್ಟಿಗೆ ಒಂದೇ: ‘ಸೋಗೆ ಹಳದಿಯಾಗಿದೆ, ಒಳ್ಳೆಯ ಔಷಧಿ ಯಾವುದಿದೆ ಕೊಡಿ.’

ಹೋದ ವರ್ಷ ಚೌತಿ ಕಳೆದ ವಾರ ಹಿರಿಯರೊಬ್ಬರು ಇದೇ ಮಾತನ್ನು ಹೇಳಿಕೊಂಡು ಬಂದರು. ಎಲೆಯಲ್ಲಿ ಚುಕ್ಕಿ ಇದೆಯೇ ಎಂದು ಕೇಳಿದೆ, ಇದೆ ಎಂದರು. ನಮ್ಮ ಸುತ್ತಮುತ್ತ ಎಲೆಚುಕ್ಕಿ ರೋಗ ಜೋರಾಗಿದ್ದ ಸಮಯವಾದ್ದರಿಂದ ನಾನು ಮುಂದೆ ಏನನ್ನೂ ಕೇಳದೆ ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕ ಕೊಟ್ಟು, ಲೀಟರ್ ನೀರಿಗೆ ಒಂದು ಮಿಲಿಲೀಟರ್ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಆಳು ಹಿಡಿದು ಎರಡು ಬಾರಿ ಹೊಡೆಸಿದರು. ದೀಪಾವಳಿ ಕಳೆದ ಮೇಲೆ ಪುನಃ ಬಂದು, ‘ಹಳದಿ ಹಾಗೆಯೇ ಇದೆ, ಇದಕ್ಕಿಂತ ಜೋರಿನದು ಬೇಕು’ ಎಂದಾಗ ನನಗೆ ಅನುಮಾನ ಬಂದು ಭಾನುವಾರ ಅವರ ತೋಟಕ್ಕೆ ಹೋದೆ. ಹೆಚ್ಚಿನ ನೀರು ಹೊರಹೋಗುವ ಕೆಳಭಾಗದ ಬಸಿಗಾಲುವೆಯಲ್ಲಿ ಹೂಳು ತುಂಬಿ, ಅದರ ಮೇಲೆ ಹುಲ್ಲು ಬೆಳೆದು, ಕಾಲುವೆ ಎಲ್ಲಿತ್ತೆಂಬುದೇ ಗೊತ್ತಾಗುತ್ತಿರಲಿಲ್ಲ. ಮಳೆಗಾಲ ಪೂರ್ತಿ ನೀರು ನಿಂತ ಮರಗಳ ಬುಡ ಕೆದಕಿದರೆ ಬೇರು ಕಪ್ಪಾಗಿತ್ತು. ಬೆರಳಿನಿಂದ ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬರುತ್ತಿತ್ತು. ಚುಕ್ಕಿ ಇದ್ದದ್ದು ನಿಜ, ಆದರೆ ಬೆರಳೆಣಿಕೆಯ ಸೋಗೆಗಳಲ್ಲಿ ಮಾತ್ರ. ನಾನು ಕೊಟ್ಟ ಔಷಧಿ ತಪ್ಪಾಗಿರಲಿಲ್ಲ, ಆದರೆ ಅವರ ತೋಟಕ್ಕೆ ಬೇಕಾಗಿದ್ದದ್ದು ಗುದ್ದಲಿ. ‘ನೀವು ಓದಿದವರು, ಹೇಳಿದ ಮೇಲೆ ಸರಿ ಇರುತ್ತದೆ ಎಂದುಕೊಂಡೆ’ ಎಂದು ಅವರು ಸಿಟ್ಟಿಲ್ಲದೆ ಹೇಳಿದ ಮಾತು ನನ್ನನ್ನು ಇನ್ನೂ ಕಾಡುತ್ತಿದೆ.

ಪ್ರತಿಯೊಬ್ಬರ ತೋಟಕ್ಕೂ ಹೋಗಿ ನೋಡಲು ನನ್ನಿಂದ ಆಗುವುದಿಲ್ಲ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಳಿಗೆಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಇಷ್ಟರ ನಡುವೆ, ಎದುರಿಗಿರುವವರಿಗೆ ನಿಜವಾಗಿ ಬೇಕಾದದ್ದು ಏನೆಂದು ತಿಳಿಯಲು ಏನನ್ನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು? ಅನುಭವ ಇರುವವರು ದಯವಿಟ್ಟು ತಿಳಿಸಿಕೊಡಿ.

ನಿವೃತ್ತ ತೋಟಗಾರಿಕೆ ಅಧಿಕಾರಿ (ಉತ್ತರ 1)

ನಿಮ್ಮ ಪ್ರಶ್ನೆಯನ್ನು ಓದಿ ನನಗೆ ಸಂತೋಷವಾಯಿತು, ಏಕೆಂದರೆ ಇಲಾಖೆಯಲ್ಲಿದ್ದ ಮೊದಲ ಕೆಲವು ವರ್ಷ ನಾನೂ ಹೀಗೆಯೇ ಚೀಟಿ ಬರೆದುಕೊಡುತ್ತಿದ್ದೆ.

ಬೆಳೆಗಾರರು ನಿಮ್ಮ ಮುಂದೆ ತರುವುದು ಹೆಚ್ಚಾಗಿ ತಾವೇ ಆಲೋಚಿಸಿ ಕಂಡುಕೊಂಡ ಪರಿಹಾರವನ್ನು. ತೋಟದಲ್ಲಿ ಏನೋ ಸರಿಯಿಲ್ಲ ಎಂಬುದನ್ನು ಅವರು ಕಂಡಿರುತ್ತಾರೆ, ಪಕ್ಕದ ಮನೆಯವರನ್ನು ಕೇಳಿರುತ್ತಾರೆ, ‘ಔಷಧಿ ಹೊಡೆದರೆ ಹೋಗುತ್ತದೆ’ ಎಂಬ ಮಾತು ಬಂದಿರುತ್ತದೆ, ಕೊನೆಗೆ ಆ ಔಷಧಿಯ ಹೆಸರನ್ನು ಮಾತ್ರ ನಿಮ್ಮಲ್ಲಿ ಕೇಳುತ್ತಾರೆ. ಆದ್ದರಿಂದ ಔಷಧಿಯ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ‘ಮೊದಲು ಕಣ್ಣಿಗೆ ಬಿದ್ದದ್ದು ಏನು, ಯಾವಾಗ?’ ಎಂದು ಕೇಳಿ ಸುಮ್ಮನಿರಿ. ಈ ಸುಮ್ಮನಿರುವುದೇ ಕಷ್ಟ. ನೀವು ‘ಚುಕ್ಕಿ ಇದೆಯೇ?’ ಎಂದು ಕೇಳಿದಿರಿ; ಮಲೆನಾಡಿನ ಮಳೆಗಾಲದಲ್ಲಿ ಚುಕ್ಕಿ ಇಲ್ಲದ ಅಡಿಕೆ ತೋಟ ಎಲ್ಲಿದೆ? ಹೌದು ಅಥವಾ ಇಲ್ಲ ಎಂಬ ಉತ್ತರ ಬರುವಂತೆ ಕೇಳಿದರೆ, ನಿಮ್ಮ ತಲೆಯಲ್ಲಿ ಆಗಲೇ ಇದ್ದ ರೋಗದ ಹೆಸರಿಗೆ ಅವರು ಹೌದು ಎನ್ನುತ್ತಾರೆ, ಅಷ್ಟೆ.

ಅವರು ಹೇಳಿ ಮುಗಿಸಿದ ಮೇಲೆ ಮೂರು ವಿಷಯ ತಿಳಿದರೆ ಅರ್ಧ ದಾರಿ ಸಾಗಿದಂತೆ. ಹಳದಿ ಶುರುವಾದದ್ದು ಕೆಳಗಿನ ಸೋಗೆಯಲ್ಲೋ ಸುಳಿಯ ಕಡೆಯಲ್ಲೋ ಎಂಬುದು ಒಂದು. ತೋಟವಿಡೀ ಹಾಗಿದೆಯೋ, ತಗ್ಗಿನಲ್ಲಿ ಮಾತ್ರವೋ, ಅಲ್ಲೊಂದು ಇಲ್ಲೊಂದು ಮರವೋ ಎಂಬುದು ಇನ್ನೊಂದು. ಇದನ್ನು ಕೇಳಿದ್ದರೆ ನಿಮ್ಮ ಆ ಹಿರಿಯರು ‘ಕೆಳಗಿನ ನಾಲ್ಕು ಸಾಲು’ ಎಂದು ಅಲ್ಲೇ ಹೇಳಿಬಿಡುತ್ತಿದ್ದರು. ಮೂರನೆಯದು, ಅದಕ್ಕೆ ಮುಂಚಿನ ಒಂದು ವರ್ಷದಲ್ಲಿ ತೋಟದಲ್ಲಿ ಏನೇನು ಬದಲಾಯಿತು ಎಂಬುದು: ಗೊಬ್ಬರ ಹಾಕಿದ್ದು, ಬಿಟ್ಟದ್ದು, ಮೇಲಿನವರು ಮಣ್ಣು ಎತ್ತರಿಸಿದ್ದು, ಹೊಸ ರಸ್ತೆಯ ನೀರು ಇತ್ತ ತಿರುಗಿದ್ದು.

ಸೋಗೆಯ ಹಳದಿಯೊಂದನ್ನೇ ನಂಬಿ ಹೆಸರು ಹೇಳುವುದು ಎಷ್ಟು ಅಪಾಯ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸಾರಜನಕ ಸಾಲದಿದ್ದರೆ ಹಳೆಯ ಸೋಗೆ ಒಂದೇ ಸಮನೆ ಪೇಲವವಾಗುತ್ತದೆ. ಮೆಗ್ನೀಸಿಯಂ ಸಾಲದಿದ್ದರೂ ಹಳೆಯ ಸೋಗೆಯೇ ಹಳದಿಯಾಗುತ್ತದೆ, ಆದರೆ ಎಲೆಯ ನಡುನರದ ಬಳಿ ಹಸಿರು ಉಳಿದಿರುತ್ತದೆ. ಬೇರುಹುಳು ಬಿದ್ದ ಮರದ ಸೋಗೆಯೂ ಹಳದಿಯೇ; ಅಂಥ ಮರವನ್ನು ಕೈಯಿಂದ ಅಲುಗಿಸಿದರೆ ಅದು ಬುಡದಿಂದಲೇ ಅಲ್ಲಾಡುತ್ತದೆ, ಮಣ್ಣು ಬಿಡಿಸಿದರೆ ಮುದುಡಿಕೊಂಡ ಬಿಳಿಯ ಹುಳು ಸಿಗುತ್ತದೆ. ಅಣಬೆ ರೋಗದಲ್ಲಿ ಹೊರಸುತ್ತಿನ ಸೋಗೆ ಹಳದಿಯಾಗಿ ಜೋಲು ಬೀಳುತ್ತದೆ, ಬುಡದಲ್ಲಿ ಕಂದು ಬಣ್ಣದ ಅಂಟು ಒಸರಿರುತ್ತದೆ. ಇನ್ನು ನಿಮ್ಮ ಸೀಮೆಯನ್ನು ಬಹಳ ಕಾಲದಿಂದ ಕಾಡುತ್ತಿರುವ ಹಳದಿ ಎಲೆ ರೋಗ. ಅದರಲ್ಲಿಯೂ ಹೊರಸುತ್ತಿನ ಸೋಗೆಯ ತುದಿಯಿಂದ ಹಳದಿ ಹರಡುತ್ತದೆ, ನಡುನರ ಹಸಿರಾಗಿಯೇ ಇರುತ್ತದೆ. ಮೆಗ್ನೀಸಿಯಂ ಕೊರತೆಗೂ ಇದಕ್ಕೂ ಎಲೆ ನೋಡಿ ಭೇದ ಹೇಳುವುದು ಕಷ್ಟ. ಕಾಯಿ ಉದುರುತ್ತಿದೆಯೇ ಎಂದು ಕೇಳಬೇಕು, ಉದುರಿದ ಕಾಯಿಯೊಂದನ್ನು ತರಿಸಿ ಎರಡು ಹೋಳು ಮಾಡಬೇಕು. ತಿರುಳು ಕಪ್ಪುಗಟ್ಟಿ ಬೆಂಡಾಗಿದ್ದರೆ ನಿಮ್ಮ ಮಾತಿನ ದಿಕ್ಕೇ ಬದಲಾಗಬೇಕು.

ಏಕೆ ಬದಲಾಗಬೇಕೆಂದರೆ, ಆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿ, ರೋಗವನ್ನು ಗುಣಪಡಿಸುವ ಔಷಧಿ ಇಲ್ಲ. ನೀರು ಬಸಿಯುವಂತೆ ಮಾಡಿ, ಸಾವಯವ ಗೊಬ್ಬರವನ್ನೂ ಪೋಷಕಾಂಶಗಳನ್ನೂ ಸರಿಯಾಗಿ ಕೊಟ್ಟರೆ ಮರವನ್ನು ಕೆಲವು ಕಾಲ ಇಳುವರಿಯಲ್ಲಿ ಉಳಿಸಿಕೊಳ್ಳಬಹುದು. ಹಾಗಾಗಿ ಅಂಥ ತೋಟದವರಿಗೆ ಬೇಕಾಗಿರುವುದು ಬಾಟಲಿಯಲ್ಲ. ಇನ್ನೆಷ್ಟು ಹಣವನ್ನು ಈ ತೋಟಕ್ಕೆ ಹಾಕಬಹುದು, ಜೊತೆಗೆ ಬೇರೆ ಏನನ್ನು ನೆಡಬಹುದು ಎಂಬ ನೇರವಾದ ಮಾತು ಅವರಿಗೆ ಬೇಕು. ಅದನ್ನು ಹೇಳುವವರು ಯಾರೂ ಇಲ್ಲದೆ ಅವರು ವರ್ಷ ವರ್ಷ ಬಾಟಲಿ ಕೊಳ್ಳುತ್ತಾರೆ. ಇದು ನಾನು ಕಣ್ಣಾರೆ ಕಂಡ ನೋವು.

ಚನ್ನಗಿರಿ ಸೀಮೆಯ ಬೆಳೆಗಾರ (ಉತ್ತರ 2)

ಮೇಲಿನ ಹಿರಿಯರು ರೋಗದ ವಿಚಾರ ಹೇಳಿದ್ದಾರೆ. ರೋಗವಿಲ್ಲದ ಕಡೆಯೂ ಇದೇ ಕಥೆ ನಡೆಯುತ್ತದೆ ಎಂಬುದಕ್ಕೆ ನಮ್ಮ ಬಯಲುಸೀಮೆಯ ಒಂದು ಸಂಗತಿ ಹೇಳುತ್ತೇನೆ.

ನನ್ನ ಬಳಿ ಸಸಿಮಡಿ ಇರುವುದರಿಂದ ಹೊಸದಾಗಿ ತೋಟ ಹಾಕುವವರು ಬರುತ್ತಾರೆ. ಕಳೆದ ಬೇಸಿಗೆಯಲ್ಲಿ ಒಬ್ಬ ಯುವಕ ಬಂದು, ಅಡಿಕೆ ತಳಿಗಳಲ್ಲಿ ಮಂಗಳಾ ಒಳ್ಳೆಯದೋ ಮೋಹಿತ್‌ನಗರ ಒಳ್ಳೆಯದೋ ಎಂದು ಕೇಳಿದ. ತಳಿಗಳ ಬಗ್ಗೆ ಮೊಬೈಲಿನಲ್ಲಿ ಸಾಕಷ್ಟು ಓದಿಕೊಂಡೇ ಬಂದಿದ್ದ. ಸಸಿ ಮಾರುವುದು ನನ್ನ ಜೀವನವಾದ್ದರಿಂದ ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಅವನ ಊರಿನ ಹೆಸರು ಕೇಳಿದಾಗ, ಅದು ಬೋರ್‌ವೆಲ್ ಬತ್ತುವ ಊರು ಎಂಬುದು ನೆನಪಾಯಿತು. ‘ಗದ್ದೆ ಎಷ್ಟು, ಶಿವರಾತ್ರಿ ಕಳೆದ ಮೇಲೆ ಬೋರಿನಲ್ಲಿ ನೀರು ಎಷ್ಟಿರುತ್ತದೆ?’ ಎಂದು ಕೇಳಿದೆ. ಮಳೆಗಾಲದಲ್ಲಿ ಒಂದೂವರೆ ಇಂಚು ಬರುತ್ತದೆ, ಬೇಸಿಗೆಯಲ್ಲಿ ಗಂಟೆಗಟ್ಟಲೆ ಬಿಟ್ಟು ಬಿಟ್ಟು ಓಡಿಸಬೇಕು ಎಂದ.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂಬತ್ತು ಅಡಿಗೆ ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಸಸಿ ಹಿಡಿಯುತ್ತದೆ. ಬೆಳೆದ ಮರಕ್ಕೆ ಹನಿ ನೀರಾವರಿಯಲ್ಲಿ ಕೊಟ್ಟರೂ ಬೇಸಿಗೆಯ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ಎಕರೆಗೆ ದಿನವೊಂದಕ್ಕೆ ಸುಮಾರು 8,600ರಿಂದ 10,800 ಲೀಟರ್. ಅವನಿಗಿದ್ದದ್ದು ಎರಡು ಎಕರೆ. ಫಸಲು ಕೈಗೆ ಬರಲು ಐದಾರು ವರ್ಷ ಕಾಯಬೇಕು, ಅಷ್ಟೂ ವರ್ಷ ಬೇಸಿಗೆಯಲ್ಲಿ ನೀರು ತಪ್ಪುವಂತಿಲ್ಲ. ಸಂಖ್ಯೆಯನ್ನು ಚೀಟಿಯ ಮೇಲೆ ನೋಡಿದ ಮೇಲೆ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: ಅಣ್ಣ ಬೆಂಗಳೂರಿನಿಂದ ಹಣ ಕಳಿಸುತ್ತೇನೆ ಎಂದಿದ್ದಾನೆ, ಊರಿನವರೆಲ್ಲ ಅಡಿಕೆ ಹಾಕುತ್ತಿದ್ದಾರೆ, ನಾವು ಹಾಕಬೇಕೋ ಬೇಡವೋ ಎಂಬುದೇ ಮನೆಯಲ್ಲಿ ತೀರ್ಮಾನವಾಗಿಲ್ಲ.

ಅವನ ನಿಜವಾದ ಪ್ರಶ್ನೆ ಅದು. ತಳಿಯ ಪ್ರಶ್ನೆ ಅದರ ಮೇಲೆ ಹೊದಿಸಿದ ಬಟ್ಟೆಯಂತಿತ್ತು. ಕೊನೆಗೆ ಅರ್ಧ ಎಕರೆಗೆ ಮಾತ್ರ ಸಸಿ ಒಯ್ದ, ಉಳಿದದ್ದರಲ್ಲಿ ಮೆಕ್ಕೆಜೋಳ ಮುಂದುವರಿಸಿದ್ದಾನೆ. ನನಗೆ ವ್ಯಾಪಾರ ಕಡಿಮೆಯಾಯಿತು ಎಂದು ಮನೆಯವರು ಹೇಳಿದರು. ನನಗೆ ಹಾಗನಿಸಲಿಲ್ಲ, ಏಕೆಂದರೆ ಮೂರನೆಯ ಬೇಸಿಗೆಯಲ್ಲಿ ಒಣಗಿ ನಿಂತ ಸಸಿಯ ನಡುವೆ ನಿಂತವನ ಮುಖ ಹೇಗಿರುತ್ತದೆ ಎಂದು ನಾನು ಬೇರೆ ಕಡೆ ನೋಡಿದ್ದೇನೆ.

ಪುತ್ತೂರಿನ ಕೃಷಿಕ (ಉತ್ತರ 3)

ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ. ಎಲ್ಲ ಪ್ರಶ್ನೆಯ ಹಿಂದೆಯೂ ಇನ್ನೊಂದು ಪ್ರಶ್ನೆ ಇದ್ದೇ ಇದೆ ಎಂದು ಹೊರಟರೆ ಅದೂ ತೊಂದರೆ. ಮುಂಗಾರಿನಲ್ಲಿ ಎರಡು ದಿನ ಬಿಸಿಲು ಬಿಟ್ಟಿದೆ, ಮದ್ದು ಹೊಡೆಯುವವರು ತೋಟದಲ್ಲಿ ಕಾಯುತ್ತಿದ್ದಾರೆ, ನಾನು ಅಂಗಡಿಗೆ ಓಡಿ ಬಂದು, ಕಾಯಿ ಕೊಳೆತು ಉದುರುವ ಕೊಳೆ ರೋಗವನ್ನು ತಡೆಯುವ ಬೋರ್ಡೋ ದ್ರಾವಣದ ಅಳತೆ ಕೇಳುತ್ತೇನೆ. ಆಗ ನನ್ನ ತೋಟದ ಚರಿತ್ರೆ ಕೇಳಬೇಡಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಒಟ್ಟು ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಐವತ್ತು ಲೀಟರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕದಡಬೇಕು ಎಂದು ಹೇಳಿ ಕಳಿಸಿ. ಅಷ್ಟು ಹೇಳಿದರೆ ನನ್ನ ಆ ಹೊತ್ತಿನ ಅಗತ್ಯ ಪೂರೈಸಿತು.

ನಿವೃತ್ತ ತೋಟಗಾರಿಕೆ ಅಧಿಕಾರಿ

ಪುತ್ತೂರಿನವರ ಮಾತು ಸರಿ, ನಾನು ಅದನ್ನು ಹೇಳಬೇಕಿತ್ತು. ಕೆಲಸ ತಿಳಿದವರು ಅಳತೆ ಕೇಳಿದರೆ ಅಳತೆ ಹೇಳುವುದೇ ಮರ್ಯಾದೆ. ಅಲ್ಲಿಯೂ ಒಂದು ಮಾತು ಮಾತ್ರ ಕೇಳುತ್ತಿದ್ದೆ: ‘ಇವತ್ತೇ ಹೊಡೆಯುತ್ತೀರಾ?’ ಏಕೆಂದರೆ ಕಲಸಿಟ್ಟ ದ್ರಾವಣ ಮರುದಿನಕ್ಕೆ ಕೆಲಸಕ್ಕೆ ಬಾರದು, ಅದನ್ನು ಅರಿಯದೆ ಡ್ರಮ್ಮಿನಲ್ಲಿ ಉಳಿಸಿಕೊಂಡವರನ್ನು ಕಂಡಿದ್ದೇನೆ. ಚೂರಿಯ ಅಲಗನ್ನು ಅದ್ದಿ ನೋಡಲು ಹೇಳುತ್ತಿದ್ದೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣದ ನೀರು ಬೇಕು ಎಂದರ್ಥ. ಇಷ್ಟಕ್ಕೆ ಅರ್ಧ ನಿಮಿಷ ಸಾಕು.

ಶಿರಸಿಯ ತೋಟದ ಮನೆ (ಉತ್ತರ 4)

ಇಲ್ಲಿಯವರೆಗೆ ಬರೆದವರಲ್ಲಿ ಹೆಚ್ಚಿನವರು ಸಲಹೆ ಕೊಡುವ ಕಡೆಯವರು. ನಾನು ಕೇಳುವ ಕಡೆಯವಳು. ಯಜಮಾನರು ಹೊರಗೆ ಕೆಲಸದಲ್ಲಿರುವುದರಿಂದ ಒಂದು ಎಕರೆ ಹತ್ತು ಗುಂಟೆ ತೋಟವನ್ನು ಒಂಬತ್ತು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ.

ನಾವು ಪ್ರಶ್ನೆಯನ್ನು ಮೊಟಕು ಮಾಡಿ ಕೇಳುವುದಕ್ಕೆ ಕಾರಣಗಳಿವೆ. ಹಿಂದೆ ಹತ್ತು ಜನ ನಿಂತಿರುತ್ತಾರೆ. ಅದರಲ್ಲಿ ಪರಿಚಯದವರೂ ಇರುತ್ತಾರೆ. ನಮ್ಮ ತೋಟ ಹಾಳಾಗಿದೆ ಎಂಬುದನ್ನು ಅವರೆದುರು ಬಿಚ್ಚಿ ಹೇಳಲು ಮನಸ್ಸು ಬರುವುದಿಲ್ಲ. ಹೋದ ಸಲದ ಬಾಕಿ ಅಂಗಡಿಯಲ್ಲಿ ಉಳಿದಿರುತ್ತದೆ. ಹೆಂಗಸರಾದರೆ, ‘ಮನೆಯಲ್ಲಿ ಗಂಡಸರು ಯಾರೂ ಇಲ್ಲವೇ?’ ಎಂಬ ಮಾತು ಮೊದಲು ಬರುತ್ತದೆಯೋ ಎಂಬ ಅಳುಕು ಬೇರೆ. ಹೀಗಿರುವಾಗ ಔಷಧಿಯ ಹೆಸರು ಕೇಳಿ, ಹಣ ಕೊಟ್ಟು, ಬೇಗ ಹೊರಬೀಳುವುದೇ ಸುಲಭವೆನಿಸುತ್ತದೆ.

ನಾಲ್ಕು ವರ್ಷದ ಹಿಂದೆ ಆಷಾಢದಲ್ಲಿ ನಾನು ಒಂದು ಅಂಗಡಿಗೆ ಹೋಗಿ, ಕೊಳೆ ರೋಗಕ್ಕೆ ಬೋರ್ಡೋಗಿಂತ ಹೆಚ್ಚು ದಿನ ತಡೆಯುವ ಔಷಧಿ ಇದೆಯೇ ಎಂದು ಕೇಳಿದೆ. ಕೌಂಟರಿನಲ್ಲಿದ್ದ ಹುಡುಗ ಎರಡು ಡಬ್ಬಿ ತೆಗೆದಿಟ್ಟು ಬೆಲೆ ಹೇಳಿದ. ಒಳಗೆ ಲೆಕ್ಕ ಬರೆಯುತ್ತಿದ್ದ ವಯಸ್ಸಾದವರು ತಲೆಯೆತ್ತಿ, ‘ತಂಗಿ, ಬೋರ್ಡೋ ನಿಮಗೆ ಸಾಕಾಗದೆ ಹೋದದ್ದು ಹೇಗೆ?’ ಎಂದು ಕೇಳಿದರು. ಅವರು ಕೇಳಿದ ರೀತಿಯಲ್ಲಿ ತಪ್ಪು ಹುಡುಕುವ ಧಾಟಿ ಇರಲಿಲ್ಲ. ಆಗ ನಾನು ಹೇಳಿದೆ: ಮೊದಲ ಸಲ ಮಳೆ ಹಿಡಿಯುವ ಮುಂಚೆ ಹೊಡೆಸಿದ್ದೆ, ನಲವತ್ತು–ನಲವತ್ತೈದು ದಿನಕ್ಕೆ ಎರಡನೆಯದು ಆಗಬೇಕಿತ್ತು, ಆದರೆ ಮರ ಹತ್ತುವ ಕೊನೆಗಾರ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾನೆ, ಬೇರೆಯವರು ಸಿಗುತ್ತಿಲ್ಲ. ಮರ ಹತ್ತುವವರೇ ಇಲ್ಲದ ಮೇಲೆ ಯಾವ ಡಬ್ಬಿ ಒಯ್ದು ಏನು ಮಾಡಲಿ ಎಂದು ಹೇಳುವಾಗ ನನಗೆ ಅಳು ಬಂದುಬಿಟ್ಟಿತು. ಅವರು ಡಬ್ಬಿಗಳನ್ನು ಒಳಗಿಟ್ಟು, ಪಕ್ಕದ ಊರಿನಲ್ಲಿ ಫೈಬರ್ ದೋಟಿಯಲ್ಲಿ ನೆಲದ ಮೇಲೆ ನಿಂತೇ ಮದ್ದು ಹೊಡೆಯುವ ಇಬ್ಬರು ಹುಡುಗರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಐದನೆಯ ದಿನ ನನ್ನ ತೋಟದ ಕೆಲಸ ಮುಗಿಯಿತು. ಅವತ್ತು ನಾನು ಕೊಂಡದ್ದು ಮೈಲುತುತ್ತು ಮತ್ತು ಸುಣ್ಣ.

ತುಂಗಾತೀರ ಅವರೇ, ನಿಮಗೆ ನನ್ನ ಕೋರಿಕೆ ಇಷ್ಟು. ಪ್ರಶ್ನೆ ಕೇಳಿ, ಆದರೆ ಹತ್ತು ಜನರ ಮುಂದೆ ವಿಚಾರಣೆ ಮಾಡಿದಂತೆ ಕೇಳಬೇಡಿ. ಒಂದು ಬೆಂಚು ಹಾಕಿ, ‘ಸ್ವಲ್ಪ ಕೂತಿರಿ, ಇವರನ್ನು ಕಳಿಸಿ ಬರುತ್ತೇನೆ’ ಎನ್ನಿ. ಏಕೆ ಕೇಳುತ್ತಿದ್ದೀರಿ ಎಂಬುದನ್ನೂ ಹೇಳಿ. ‘ಸುಮ್ಮನೆ ದುಡ್ಡು ಹಾಳಾಗಬಾರದು, ಅದಕ್ಕೆ ಕೇಳುತ್ತಿದ್ದೇನೆ’ ಎಂದರೆ ಯಾರೂ ಮುಚ್ಚಿಡುವುದಿಲ್ಲ.

ತುಂಗಾತೀರ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಒಂದು ತಿಂಗಳು ಕಳೆದ ಮೇಲೆ ಬರೆಯುತ್ತಿದ್ದೇನೆ, ಏಕೆಂದರೆ ಮಾಡಿ ನೋಡದೆ ಬರೆಯುವುದು ಸರಿಯಲ್ಲ ಎನಿಸಿತು.

ಶಿರಸಿಯ ಅಕ್ಕ ಹೇಳಿದಂತೆ ಗೋದಾಮಿನ ಬಾಗಿಲ ಬಳಿ ಒಂದು ಬೆಂಚು ಹಾಕಿಸಿದೆ. ಹಳದಿ ಎಂದು ಬರುವವರಿಗೆ, ಮುಂದಿನ ಸಲ ಬರುವಾಗ ಕೆಳಗಿನ ಒಂದು ಸೋಗೆಯ ತುಂಡು, ಬುಡದ ಒಂದು ಹಿಡಿ ಬೇರು, ಉದುರಿದ ಕಾಯಿ ಇದ್ದರೆ ನಾಲ್ಕು ಕಾಯಿ ತನ್ನಿ ಎಂದು ಹೇಳುತ್ತಿದ್ದೇನೆ. ಬೇರು ನೋಡಿದರೆ ಬಹಳ ತಿಳಿಯುತ್ತದೆ. ಇಬ್ಬರ ತೋಟದಲ್ಲಿ ಬಸಿಗಾಲುವೆಯ ತೊಂದರೆಯೇ ಇತ್ತು, ಒಬ್ಬರು ಮೂರು ವರ್ಷದಿಂದ ಗೊಬ್ಬರವನ್ನೇ ಹಾಕಿರಲಿಲ್ಲ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸನ್ನು ಅವರಿಗೆ ಯೂರಿಯಾ, ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ತೂಕಕ್ಕೆ ಇಳಿಸಿ, ಅವರ ಮನೆಯಲ್ಲಿರುವ ಲೋಟದ ಅಳತೆಯಲ್ಲೇ ಬರೆದುಕೊಟ್ಟೆ.

ಕಳೆದ ಸೋಮವಾರ ಒಬ್ಬರು ಬಂದು, ಮರಕ್ಕೆ ಶಕ್ತಿ ಬರುವ ದುಬಾರಿ ಗೊಬ್ಬರ ಯಾವುದಿದ್ದರೂ ಕೊಡಿ ಎಂದರು. ಬೆಂಚಿನ ಮೇಲೆ ಕೂರಿಸಿ, ಮೊದಲು ಕಣ್ಣಿಗೆ ಬಿದ್ದದ್ದು ಏನು ಎಂದು ಕೇಳಿ ಸುಮ್ಮನಾದೆ. ಅವರು ಜೇಬಿನಿಂದ ಎರಡು ಕಾಯಿ ತೆಗೆದು ನನ್ನ ಕೈಗಿಟ್ಟರು. ಅಡಕತ್ತರಿಯಲ್ಲಿ ಹೋಳು ಮಾಡಿದಾಗ ಎರಡರ ತಿರುಳೂ ಕಪ್ಪಾಗಿತ್ತು. ಪಕ್ಕದ ತೋಟ ಆರು ವರ್ಷದ ಹಿಂದೆಯೇ ಹೀಗಾಗಿ ಹೋಯಿತೆಂದು ಅವರೇ ಹೇಳಿದರು. ಮತ್ತೂ ಸ್ವಲ್ಪ ಹೊತ್ತು ಬಿಟ್ಟು, ತೋಟವನ್ನು ಅಭಿವೃದ್ಧಿ ಮಾಡಲು ಸಾಲಕ್ಕೆ ಅರ್ಜಿ ಹಾಕಿದ್ದೇನೆ, ಬರುವ ವಾರ ಸಹಿ ಹಾಕಬೇಕು ಎಂದರು.

ನನಗೆ ಆ ಕ್ಷಣ ಮಾತು ಹೊರಡಲಿಲ್ಲ. ಕಾಯಿ ನೋಡಿದರೆ ಹಳದಿ ಎಲೆ ರೋಗದಂತೆ ಕಾಣುತ್ತಿದೆ, ಹೌದಾದರೆ ಅದಕ್ಕೆ ಔಷಧಿ ಇಲ್ಲ ಎಂದು ಹೇಳಿದೆ. ಸಹಿ ಹಾಕುವ ಮುಂಚೆ ತೋಟಗಾರಿಕೆ ಇಲಾಖೆಯವರನ್ನು ಕರೆದು ತೋಟ ತೋರಿಸಿ, ಮಣ್ಣು ಪರೀಕ್ಷೆ ಮಾಡಿಸಿ, ರೋಗ ಎಷ್ಟು ಮರಕ್ಕೆ ಹಿಡಿದಿದೆ ಎಂದು ಎಣಿಸಿಕೊಳ್ಳಿ ಎಂದೆ. ಅವರು ಬಹಳ ಹೊತ್ತು ಕೂತಿದ್ದರು. ‘ಮನೆಯವಳೂ ಇದನ್ನೇ ಹೇಳುತ್ತಿದ್ದಳು’ ಎಂದರು. ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ತೋಟದಲ್ಲಿ ನಡೆದು, ಹಳದಿ ಬಂದ ಮರಗಳಿಗೆಲ್ಲ ಸುಣ್ಣದ ಗುರುತು ಹಾಕಿ ಎಣಿಸಿದರಂತೆ. ಮುನ್ನೂರ ಇಪ್ಪತ್ತರಲ್ಲಿ ತೊಂಬತ್ತೊಂದು. ಸಂಜೆ ಫೋನ್ ಮಾಡಿ ಆ ಸಂಖ್ಯೆಯನ್ನು ನನಗೆ ಹೇಳಿದರು, ಸಾಲದ ಕಾಗದಕ್ಕೆ ಈ ವಾರ ಸಹಿ ಹಾಕುವುದಿಲ್ಲ ಎಂದೂ ಹೇಳಿದರು.